ಮಾವನ ಕಾರಿನ ಎಡಗಣ್ಣು

ಎಲ್ಲಕ್ಕೂ ಕಾರಣ ಅಂಗೈಯಗಲದ ಒಂದು ರಬ್ಬರ್ ಮುಚ್ಚಳ. ಕಾರಿನ ಹೆಡ್‌ಲೈಟಿನ ಬೆನ್ನಿಗೆ ಹಾಕಬೇಕಾದ ಆ ಮುಚ್ಚಳವನ್ನು ಶಂಭುಲಿಂಗ ಸೀಟಿನ ಕೆಳಗೆ ಎಸೆದು, "ಇದಿಲ್ಲಂದ್ರ ಗಾಡಿ ಏನು ಓಡಂಗಿಲ್ಲೇನು?" ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದ. ಗಾಡಿ ಓಡಿತು, ನಿಜ. ಓಡದೇ ಇದ್ದಿದ್ದರೆ ಅವನ ಪಾಲಿಗೆ ಇನ್ನೂ ಒಳ್ಳೆಯದಿತ್ತು.

ಮೊದಲು ಹೇಳಬೇಕಾದ ಮಾತೆಂದರೆ, ಕಾರು ಅವನದಲ್ಲ. ಮಾಸೂರಿನ ಅವನ ಮಾವ ಪರಮೇಶ್ವರಪ್ಪನವರದು. ಹಿರೇಕೆರೂರಿನ ಸಹಕಾರಿ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ಶಂಭುಲಿಂಗನ ಹತ್ತಿರ ಇದ್ದದ್ದು ಒಂದು ಸ್ಕೂಟರು, ಅದೂ ಮನಸ್ಸು ಬಂದ ದಿನ ಮಾತ್ರ ಶುರುವಾಗುವಂಥದ್ದು. ಅವನ ಹೆಂಡತಿ ನೀಲಾಂಬಿಕಾ ಚಿಕ್ಕೇರೂರಿನ ಶಾಲೆಯಲ್ಲಿ ಶಿಕ್ಷಕಿ. ದಿನಾ ಬೆಳಿಗ್ಗೆ ಬಸ್ಸಿನ ಬಾಗಿಲಲ್ಲಿ ಒಂದು ಕಾಲಿಟ್ಟು, ಇನ್ನೊಂದು ಕಾಲಿಗೆ ಜಾಗ ಹುಡುಕುತ್ತ ಹೋಗಿ, ಸಂಜೆ ಅದೇ ರೀತಿ ಬರುತ್ತಿದ್ದಳು. ಮನೆಗೆ ಬಂದವಳೇ ಕಾಲು ಚಾಚಿ ಕೂತು ನಿಟ್ಟುಸಿರು ಬಿಟ್ಟರೆ ಶಂಭುಲಿಂಗನಿಗೆ ತಾನೇ ಏನೋ ತಪ್ಪು ಮಾಡಿದಂತೆ ಅನಿಸುತ್ತಿತ್ತು.

ಹೀಗಿರುವಾಗ ಪರಮೇಶ್ವರಪ್ಪನವರು ಒಂದು ದಿನ ಇದ್ದಕ್ಕಿದ್ದಂತೆ ಕಾರು ತಂದು ಅಳಿಯನ ಮನೆ ಮುಂದೆ ನಿಲ್ಲಿಸಿದರು.

"ಅಳ್ಯಾರ, ಗಾಡಿ ನಿಮ್ಮ ಕಡೆ ಇರ್ಲಿ. ಖಂಡೇ ಪೂಜಿ ದಿನ ಬರ್ತೇನಿ. ನಾ ಹೆಂಗ ಕೊಟ್ಟೇನಿ ಹಂಗ ಇದ್ರ, ಪೂಜಿ ಮಾಡಿ ಚಾವಿ ನೀಲಾನ ಕೈಯಾಗ ಇಡ್ತೇನಿ. ಗಾಡಿ ನಿಮ್ಮದು. ಏನರ ಒಂದು ಹೆಚ್ಚುಕಡಿಮಿ ಆಗಿತ್ತಂದ್ರ, ನನ್ನ ಗಾಡಿ ನನ್ನ ಮನಿಗೆ."

ಖಂಡೇ ಪೂಜೆಗೆ, ಅಂದರೆ ದಸರೆಯ ಆಯುಧಪೂಜೆಗೆ, ಇನ್ನೂ ದಿನಗಳಿದ್ದವು. ಯಾಕೆ ಕೊಡುತ್ತಿದ್ದೀರಿ ಎಂದು ಯಾರೂ ಕೇಳಲಿಲ್ಲ. ಕೊಡುತ್ತೇನೆ ಎಂದವರನ್ನು ಯಾರಾದರೂ ಹಾಗೆ ಕೇಳುತ್ತಾರೆಯೇ? ನೀಲಾಂಬಿಕಾ ಮಾತ್ರ ಅಂದಿನಿಂದಲೇ ಗೋವಿನಜೋಳದ ಹೊಲದ ದಾರಿಗಳಲ್ಲಿ ಕಾರು ಕಲಿಯಲು ಶುರು ಮಾಡಿ, ದಸರೆಯ ಹೊತ್ತಿಗೆ ಗೇರು ಬದಲಿಸುವಾಗ ಕಣ್ಣು ಮುಚ್ಚುವುದನ್ನು ಬಿಟ್ಟಿದ್ದಳು.

ಶಂಭುಲಿಂಗ ಸುಮ್ಮನಿದ್ದಿದ್ದರೆ ಎಲ್ಲ ಸುಸೂತ್ರವಾಗುತ್ತಿತ್ತು. ಆದರೆ ಸವಣೂರಿನಲ್ಲಿ ಒಂದು ಮದುವೆ ಮುಗಿಸಿ ಬರುವಾಗ ಕತ್ತಲಾಯಿತು. ಹೆಡ್‌ಲೈಟು ಹಾಕಿದರೆ ಬೆಳಕು ರಸ್ತೆಯ ತನಕ ಬರಲೇ ಇಲ್ಲ. ಹಳೇ ಗಾಡಿ, ದೀಪದ ಪ್ಲಾಸ್ಟಿಕ್ ಗಾಜು ಹಳದಿ ತಿರುಗಿ ಮುದುಕನ ಉಗುರಿನ ಹಾಗಾಗಿತ್ತು. ಶಂಭುಲಿಂಗ ಗಾಜನ್ನು ಬೈಯುವ ಬದಲು ಬಲ್ಬನ್ನು ಬೈದ. ಹಾನಗಲ್ಲಿಗೆ ಹೋದಾಗ ಅಂಗಡಿಯೊಂದರಲ್ಲಿ ಬೆಳ್ಳನೆಯ ಬೆಳಕಿನ ಎರಡು ಎಲ್‌ಇಡಿ ಬಲ್ಬು ಕೊಂಡು, ಮೊಬೈಲಿನಲ್ಲಿ ವಿಡಿಯೊ ನೋಡುತ್ತ ತಾನೇ ಹಾಕಿದ. ಆ ಬಲ್ಬುಗಳ ಬೆನ್ನಿಗೊಂದು ಪುಟ್ಟ ಫ್ಯಾನು. ಬಲಗಡೆಯ ಮುಚ್ಚಳವನ್ನು ಹೇಗೋ ಒತ್ತಿ ಕೂಡಿಸಿದ. ಎಡಗಡೆಯದು ಮೊಣಕೈ ಹಚ್ಚಿದರೂ ಕೂಡಲಿಲ್ಲ. ಅದು ಹೋದದ್ದೇ ಸೀಟಿನ ಕೆಳಗೆ. ಮಾವ ಬರುವ ಹಿಂದಿನ ದಿನ ಹಳೇ ಬಲ್ಬು ಹಾಕಿ ಮುಚ್ಚಳ ಮುಚ್ಚಿದರಾಯಿತು ಎಂಬುದು ಅವನ ಲೆಕ್ಕ. ಹಿಂದಿನ ದಿನ ಸಂಘದಲ್ಲಿ ಪೂಜೆ, ಮಂಡಕ್ಕಿ, ಫೋಟೊ. ಮನೆಗೆ ಬಂದವನು ಊಟ ಮಾಡಿ ಮಲಗಿಬಿಟ್ಟ.

ಖಂಡೇ ಪೂಜೆಯ ಬೆಳಿಗ್ಗೆ ಓಣಿಯಲ್ಲಿ ಎಲ್ಲರದೂ ತೊಳೆಯುವ ಕೆಲಸ. ಶಂಭುಲಿಂಗ ಒಂದು ಬಕೆಟ್ ನೀರು, ಹಳೇ ಬನಿಯನ್ ಹಿಡಿದು ಕಾರನ್ನು ನಾಜೂಕಾಗಿ ಒರೆಸುತ್ತಿದ್ದ. ಪಕ್ಕದ ಮನೆಯ ರೈತ ಯಲ್ಲಪ್ಪನಿಗೆ ಅದನ್ನು ನೋಡಲಾಗಲಿಲ್ಲ.

"ಇದೇನ್ರಿ ಶಂಭಣ್ಣ, ಕೂಸಿಗೆ ಎರದಂಗ ಎರಿಯಾಕತ್ತೀರಿ? ಸರೀರಿ ಆ ಕಡೆ. ನನ್ನ ಎಣ್ಣಿ ಹೊಡಿಯೋ ಪಂಪು ತರ್ತೇನಿ."

ಅದು ಗೋವಿನಜೋಳಕ್ಕೆ ಹುಳದೆಣ್ಣೆ ಹೊಡೆಯುವ ಮಷಿನ್ನು. ಬೇಡ ಎನ್ನುವಷ್ಟರಲ್ಲಿ ಯಲ್ಲಪ್ಪ ಅದನ್ನು ಹೊತ್ತು ತಂದು ಭರ್ರೆಂದು ಬಿಟ್ಟೇಬಿಟ್ಟ. ಚಕ್ರಕ್ಕೆ ಹತ್ತಿದ ಕೆಸರು ಎದುರು ಮನೆಯ ಗೋಡೆಗೆ ಹೋಗಿ ಬಡಿಯಿತು. ಕೆಲಸದ ಹುಮ್ಮಸ್ಸಿನಲ್ಲಿ ಅವನು ಬಾನೆಟ್ಟನ್ನೂ ಎತ್ತಿದ. "ಮ್ಯಾಲೆಷ್ಟ ತೊಳದ್ರ ಏನು ಬಂತ್ರಿ? ಒಳಗೂ ಸ್ವಚ್ಛ ಇರ್ಬೇಕು," ಎನ್ನುತ್ತ ಸಂದಿಗೊಂದಿಗಳನ್ನೆಲ್ಲ ಹುಡುಕಿ ಹುಡುಕಿ ನೀರು ಹೊಡೆದ. ಎಡ ಹೆಡ್‌ಲೈಟಿನ ಬೆನ್ನು ಬಾಯಿ ತೆರೆದುಕೊಂಡೇ ಇತ್ತು.

ಅದನ್ನು ಮೊದಲು ಕಂಡವರು ಎದುರು ಮನೆಯ ಗೋಪಿಕಾಬಾಯಿ. ಗೋಡೆಗೆ ಬಿದ್ದ ಕೆಸರಿನ ಬಗ್ಗೆ ಜಗಳ ಮಾಡಲು ಹೊರಗೆ ಬಂದವರು ಅರ್ಧದಲ್ಲೇ ನಿಂತರು.

"ಯಾಕೋ ಶಂಭು, ನಿಮ್ಮ ಮಾವನ ಕಾರು ಅಳ್ಲಿಕ್ಕತ್ತದಲ್ಲೋ!"

ಶಂಭುಲಿಂಗ ಓಡಿ ಬಂದು ನೋಡಿದ. ಎಡ ದೀಪದ ಒಳಗೆ, ಇಡ್ಲಿ ಪಾತ್ರೆಯ ಮುಚ್ಚಳದ ಒಳಮೈಯಲ್ಲಿ ನಿಲ್ಲುತ್ತದಲ್ಲ, ಅಂಥ ಹನಿಗಳು. ಕೆಳಗೆ ಒಂದು ಲೋಟದಷ್ಟು ನೀರು ನಿಂತಿತ್ತು. ಅವನು ಬನಿಯನ್ ತಗೊಂಡು ಜೋರಾಗಿ ಒರೆಸಿದ. ಹನಿ ಹೋಗಲಿಲ್ಲ. ಇನ್ನೂ ಜೋರಾಗಿ ಒರೆಸಿದ.

"ಅದು ಒಳಗ ಅದನೋ ಶಾಣ್ಯಾ," ಎಂದರು ಗೋಪಿಕಾಬಾಯಿ.

ಲೈಟು ಹಾಕಿ ಬಿಟ್ಟರೆ ಬಿಸಿಗೆ ಆರೀತು ಎಂದುಕೊಂಡು ಲೈಟು ಹಾಕಿದ. ಹನಿಗಳು ಮುತ್ತಿನಂತೆ ಹೊಳೆದವು, ಆರಲಿಲ್ಲ. ಅಷ್ಟರಲ್ಲಿ ಹೂರಣ ಹತ್ತಿದ ಕೈಯಲ್ಲೇ ನೀಲಾಂಬಿಕಾ ಹೊರಗೆ ಬಂದಳು.

"ಅಪ್ಪ ಫೋನ್ ಮಾಡಿದ್ದ. ಸಂಜಿ ಬಸ್ಸಿಗೆ ಬರ್ತಾನಂತ. 'ಗಾಡಿ ಹೆಂಗೈತಿ' ಅಂದ. 'ನೀ ಕೊಟ್ಟಂಗ ಐತಪ್ಪ' ಅಂದೇನಿ." ಅಷ್ಟು ಹೇಳಿ ದೀಪ ನೋಡಿದಳು. ಆಮೇಲೆ ಗಂಡನನ್ನು ನೋಡಿದಳು. "ರೀ, ಏನಿದು?"

ಶಂಭುಲಿಂಗ ಎಲ್ಲ ಹೇಳಿದ. ಬಲ್ಬು, ಫ್ಯಾನು, ಮುಚ್ಚಳ, ಸೀಟಿನ ಕೆಳಗು, ಎಲ್ಲ. ನೀಲಾಂಬಿಕಾ ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು ಎನಿಸಿತು ಅವನಿಗೆ.

"ಹೆಂಗರ ಮಾಡಿ ಸಂಜಿ ಒಳಗ ಸರಿ ಮಾಡ್ರಿ," ಎಂದಷ್ಟೇ ಹೇಳಿ ಒಳಗೆ ಹೋದಳು.

ಅವನು ಕಾರು ಹೊಡೆದುಕೊಂಡು ನೇರ ವಸೀಮನ ಗ್ಯಾರೇಜಿಗೆ ಹೋದ. ಗ್ಯಾರೇಜು ತೆರೆದೇ ಇತ್ತು. ಬಾಳೆಕಂಬ, ಚೆಂಡುಹೂವಿನ ಮಾಲೆ, ಊದುಬತ್ತಿಯ ಹೊಗೆ. ನಡುವೆ ಕೆಂಪು ಬಟ್ಟೆ ಹಾಸಿದ ಮೇಜು. ಅದರ ಮೇಲೆ ಸ್ಪ್ಯಾನರುಗಳು, ಸ್ಕ್ರೂಡ್ರೈವರುಗಳು, ಇಕ್ಕಳ, ಜಾಕು, ಒಂದೊಂದಕ್ಕೂ ವಿಭೂತಿ, ಕುಂಕುಮ, ಹೂವು. ವಸೀಮನೂ ಅವನ ಪಾಲುದಾರ ರಾಜಕುಮಾರನೂ ಹೊಸ ಅಂಗಿ ಹಾಕಿಕೊಂಡು ಮಂಡಕ್ಕಿ ತಿನ್ನುತ್ತಿದ್ದರು.

"ಬರ್ರಿ ಅಣ್ಣಾ, ಕುಂದರ್ರಿ. ಮಂಡಕ್ಕಿ ತೊಗೊಳ್ರಿ," ಎಂದ ವಸೀಮ.

ಶಂಭುಲಿಂಗ ಅವನ ಕೈ ಹಿಡಿದು ಎಳೆದುಕೊಂಡು ಹೋಗಿ ದೀಪ ತೋರಿಸಿದ. ವಸೀಮ ಬಗ್ಗಿ ನೋಡಿ ಲೊಚಗುಟ್ಟಿದ. "ಬಿಚ್ಚಬೇಕ್ರಿ. ಬಿಚ್ಚಿ, ಬಗ್ಗಿಸಿ, ನೀರು ತಗದು ಒಣಗಿಸಬೇಕು. ದೊಡ್ಡ ಕೆಲಸ ಏನಲ್ಲ."

"ಹಂಗಾರ ಬಿಚ್ಚೋ ಮಾರಾಯಾ!"

"ಇವತ್ತ ಹೆಂಗ ಬಿಚ್ಚಲ್ರಿ? ಸಾಮಾನಿಗೆಲ್ಲ ಪೂಜಿ ಆಗೈತಿ."

ರಾಜಕುಮಾರ ಮೇಜಿನ ಮುಂದೆ ಅಡ್ಡ ಬಂದು ನಿಂತ. "ನಾಳೆ ಬನ್ನಿ ಮುಡಿಯೋ ತನಕ ಒಂದು ನಟ್ಟೂ ಎತ್ತಂಗಿಲ್ರಿ. ಹ್ವಾದ ವರ್ಷ ಯಾರೋ ಅತ್ತುಕರದ್ರಂತ ಜಾಕ್ ಒಂದು ಎತ್ತಿದ್ವಿ. ಆವತ್ತಿನಿಂದ ಏರಿಸಿದ್ರ ಇಳಿವಲ್ದು, ಇಳಿಸಿದ್ರ ಏರವಲ್ದು."

ಶಂಭುಲಿಂಗ ಕೈ ಮುಗಿದ. ಮೇಜಿಗೂ ಮುಗಿದ. ರಾಜಕುಮಾರ ಅಲ್ಲಾಡಲಿಲ್ಲ. ಆದರೆ ವಸೀಮನ ಕರುಳು ಸ್ವಲ್ಪ ಮೆತ್ತಗಿನದು.

"ಒಂದು ಕೆಲಸ ಮಾಡ್ತೇನಿ ಅಣ್ಣಾ. ನಿಮ್ಮ ಮನಿಗೆ ಬಂದು ಬಾಯಿಲೆ ಹೇಳ್ತೇನಿ, ನೀವ ಬಿಚ್ಚ್ರಿ. ಬಾಯಿಗೇನು ಪೂಜಿ ಆಗಿಲ್ಲ."

ಇನ್ನು ಸ್ಪ್ಯಾನರು ಎಲ್ಲಿಂದ ತರುವುದು? ಶಂಭುಲಿಂಗನ ಮನೆಯ ಇಕ್ಕಳ, ಸುತ್ತಿಗೆಗಳನ್ನು ನೀಲಾಂಬಿಕಾ ಬೆಳಗಾಗುವುದರೊಳಗೇ ಪೂಜೆಗೆಂದು ದೇವರ ಜಗಲಿಗೆ ಏರಿಸಿದ್ದಳು. ದಾರಿಯಲ್ಲಿ ಸೈಕಲ್ ಅಂಗಡಿ, ನಲ್ಲಿ ರಿಪೇರಿಯವನು, ಬಡಿಗೇರ, ಎಲ್ಲರ ಬಾಗಿಲಲ್ಲೂ ಊದುಬತ್ತಿ ಉರಿಯುತ್ತಿತ್ತು. ವರ್ಷದ ಎಲ್ಲ ದಿನ ಬಿಟ್ಟು, ಊರಿನಲ್ಲಿ ಒಂದು ಸ್ಕ್ರೂಡ್ರೈವರೂ ಕೈಗೆ ಸಿಗದ ದಿನವನ್ನೇ ಹುಡುಕಿ ಶಂಭುಲಿಂಗ ದೀಪಕ್ಕೆ ನೀರು ಹಾಕಿಸಿಕೊಂಡಿದ್ದ. ಕೊನೆಗೆ ವಸೀಮನೇ ಕಾರನ್ನು ಗುಜರಿ ರಾಜೇಸಾಬನ ಅಂಗಡಿಯ ಮುಂದೆ ನಿಲ್ಲಿಸಲು ಹೇಳಿದ.

"ಅಜ್ಜಾರ, ಪೂಜಿ ಆಗದ ಸ್ಪ್ಯಾನರ್ ಏನರ ಐತೇನ್ರಿ?" ಎಂದು ಕೇಳಿದ ಶಂಭುಲಿಂಗ.

ರಾಜೇಸಾಬ ಕುರ್ಚಿಯಿಂದ ಏಳದೆ ಹೇಳಿದ. "ನನ್ನ ತಕ್ಕಡಿಗೆ ಪೂಜಿ ಆಗೈತಿ. ಈ ತುಕ್ಕಿನ ಗುಡ್ಡಿಗೆ ಯಾರು ಪೂಜಿ ಮಾಡ್ತಾರ? ಹುಡುಕ್ಕೊಳ್ರಿ."

ಇಬ್ಬರೂ ಗುಡ್ಡೆ ಕೆದರಿದರು. ಒಂದು ಕಿವಿ ಮುರಿದ ಸ್ಪ್ಯಾನರು, ಹಿಡಿಕೆಯಿಲ್ಲದ ಸ್ಕ್ರೂಡ್ರೈವರು ಸಿಕ್ಕವು. ತಕ್ಕಡಿ ಎತ್ತುವಂತಿಲ್ಲವಾದ್ದರಿಂದ ತೂಗುವಂತಿಲ್ಲ, ತೂಗದೆ ಮಾರುವಂತಿಲ್ಲ. "ಹಂಗ ಒಯ್ರಿ, ಕೆಲಸ ಮುಗಿದಮ್ಯಾಲೆ ಎಲ್ಲಿಂದ ತಗದ್ರಿ ಅಲ್ಲೇ ಒಗೀರಿ," ಎಂದು ರಾಜೇಸಾಬ ಕಣ್ಣು ಮುಚ್ಚಿದ.

ಮನೆ ಮುಂದೆ ಶಸ್ತ್ರಚಿಕಿತ್ಸೆ ಶುರುವಾಯಿತು. ವಸೀಮ ಹೊಸ ಅಂಗಿಗೆ ಎಣ್ಣೆ ಹತ್ತದಂತೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿ ನಿಂತ. ಯಲ್ಲಪ್ಪ ತನ್ನ ತಪ್ಪಿಲ್ಲ ಎಂದು ಎಲ್ಲರಿಗೂ ತಿಳಿಸಿ ಹೇಳುತ್ತ ನಿಂತ. ಗೋಪಿಕಾಬಾಯಿ ದಸರೆಗೆ ಬೆಳಗಬೇಕಾದ ಬೆಳ್ಳಿ ಸಾಮಾನಿನ ಬುಟ್ಟಿ ತಂದು ಶಂಭುಲಿಂಗನ ಕಟ್ಟೆಯ ಮೇಲೇ ಕೂತರು. ಮನೆಯಲ್ಲಿ ಕೂತರೆ ಇಷ್ಟು ಕಾಣುವುದಿಲ್ಲ.

"ಎಡಕ್ಕ ತಿರುವ್ರಿ ಅಣ್ಣಾ. ನಿಮ್ಮ ಎಡಕ್ಕಲ್ರಿ, ಬೋಲ್ಟಿನ ಎಡಕ್ಕ."

"ಬೋಲ್ಟಿಗೆ ಎಡ ಬಲ ಎಲ್ಲಿರ್ತಾವೋ?"

"ಇರ್ತಾವ್ರಿ. ಹಾಂ, ಅದ. ಅದನ್ನಲ್ಲ, ಅದರ ಬಾಜೂಕಿಂದು."

ಬೆರಳಿನ ಗೆಣ್ಣು ಸುಲಿದುಕೊಂಡು, ಹಣೆಗೆ ಗ್ರೀಸು ಹಚ್ಚಿಕೊಂಡು, ಅಂತೂ ಶಂಭುಲಿಂಗ ದೀಪವನ್ನು ಹೊರಗೆ ತೆಗೆದ. ಬಗ್ಗಿಸಿದರೆ ನೀರು ಬಳಬಳ ಸುರಿಯಿತು. ಆದರೆ ಒಳಗೋಡೆಯ ಹನಿ ಹಾಗೇ ಇತ್ತು. ಬಿಸಿಲಿಗೆ ಇಡೋಣವೆಂದರೆ ಮೋಡ ಕವಿದಿತ್ತು.

"ನಮ್ಮ ವೇದಾನ ಕೂದಲಾ ಒಣಗಿಸೋ ಮಷಿನ್ ಅದ," ಎಂದರು ಗೋಪಿಕಾಬಾಯಿ. ವೇದಾ ಅವರ ಮೊಮ್ಮಗಳು. ಶಂಭುಲಿಂಗನ ಮುಖ ಅರಳಿತು. "ಆದ್ರ ಅದಕ್ಕೂ ಕುಂಕುಮ ಹಚ್ಚಿ ದೇವರ ಮುಂದ ಇಟ್ಟೀನಪಾ. ಕರೆಂಟಿಂದು ಒಂದು ಸಾಮಾನೂ ಬಿಟ್ಟಿಲ್ಲ ನಾನು. ಮಿಕ್ಸರ್‌ಗೂ ಆಗ್ಯದ."

"ಮತ್ತ ಯಾಕ ಹೇಳಿದ್ರಿ ಬಾಯಾರ?"

"ಅದ ಅಂತ ಹೇಳಿದೆ. ಕೊಡ್ತೀನಿ ಅಂದೆನೇನು? ಒಂದು ಮಾಡು. ನಮ್ಮ ವೇದಾನ ಮೊಬೈಲ್ ನೀರಾಗ ಬಿದ್ದಾಗ ಅಕ್ಕಿ ಡಬ್ಬಿಯೊಳಗ ಹುಗದು ಇಟ್ಟಿದ್ವಿ. ಒಂದ ರಾತ್ರಿಗೆ ಖಟಿ ಖಟಿ ಒಣಗಿತ್ತು. ಅಕ್ಕಿ ನೀರು ಎಳಕೋತದ."

ಅದು ಎಲ್ಲರಿಗೂ ಸರಿ ಕಂಡಿತು. ಮೊಬೈಲಿಗೆ ಹಿಂದೆ ತೂತಿರುವುದಿಲ್ಲ, ದೀಪಕ್ಕೆ ಇದೆ ಎಂಬುದು ಆ ಗದ್ದಲದಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಕ್ಕಿಯ ಚೀಲದಲ್ಲಿ ದೀಪವನ್ನು ಹೂತು, ಚಹಾ ಕುಡಿದು ಬಂದು ಎತ್ತಿದರೆ ಅದು ಕಲ್ಲಿನ ಹಾಗೆ ಭಾರವಾಗಿತ್ತು. ಒಳಗೆ ಎರಡು ಸೇರು ಅಕ್ಕಿ. ಒದ್ದೆಗೆ ಅಂಟಿದ ಕಾಳುಗಳು ಗಾಜಿನ ಹಿಂದಿನಿಂದ ಹಲ್ಲು ಕಿಸಿಯುತ್ತಿದ್ದವು.

"ಹಾಲು, ಬೆಲ್ಲ ಹಾಕಿಬಿಟ್ರ ಪಾಯಸ ಆಗ್ತೈತಿ," ಎಂದ ಯಲ್ಲಪ್ಪ.

"ಯಲ್ಲಪ್ಪಣ್ಣ, ನೀವು ಒಂದೀಟು ಸುಮ್ನಿರ್ರಿ!" ಎಂದು ಶಂಭುಲಿಂಗ ಅಂದು ಮೊದಲ ಸಲ ದನಿ ಏರಿಸಿದ. ಅವನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ.

ದೀಪವನ್ನು ತಿರುಗಿಸಿ, ಕೊಡವಿ, ಬಡಿದು ಅಕ್ಕಿಯನ್ನು ಹೊರಗೆ ಹಾಕಿದರು. ಅಂಟಿದ ಕಾಳು ಬಿಡಲಿಲ್ಲ. ನೀಲಾಂಬಿಕಾ ಹೋಳಿಗೆ ಲಟ್ಟಿಸುವುದನ್ನು ಬಿಟ್ಟು ಬಂದು, ತಲೆಯ ಪಿನ್ನು ತೆಗೆದು, ಮೊಣಕಾಲ ಮೇಲೆ ದೀಪ ಇಟ್ಟುಕೊಂಡು ಒಂದೊಂದೇ ಕಾಳು ಕಿತ್ತಳು. ಗಂಡ ಪಕ್ಕದಲ್ಲಿ ಬ್ಯಾಟರಿ ಹಿಡಿದು ಕೂತ. ಹದಿನಾರು ವರ್ಷದ ಸಂಸಾರದಲ್ಲಿ ಅವರು ಇಷ್ಟು ಹತ್ತಿರ ಕೂತು ಒಂದೇ ಕೆಲಸ ಮಾಡಿದ್ದು ಕಡಿಮೆ.

"ಹಳೇ ಬಲ್ಬು ಎಲ್ಲದಾವ್ರಿ?" ಎಂದು ವಸೀಮ ಕೇಳಿದ. "ನಿಮ್ಮ ಹೊಸಾ ಬಲ್ಬು ತಂಪು ಬಲ್ಬು. ಅದರ ಶಾಖ ಮುಂದ ಬರಂಗಿಲ್ಲ. ಹಳೇದು ಸುಡ್ತೈತಿ. ಹಿಂದ ತೆರದಿಟ್ಟು ಅದನ್ನ ಹಚ್ಚಿಬಿಟ್ರ ತಾನ ಒಣಗ್ತೈತಿ."

"ಇದನ್ನ ಮದ್ಲ ಹೇಳಾಕ ಏನಾಗಿತ್ತೋ ನಿನಗ?"

"ನೀವೆಲ್ಲ ಅಕ್ಕಿ ಅಕ್ಕಿ ಅಂದ್ರಿ. ನಾ ಸಣ್ಣಾವ, ನಡುವ ಬಾಯಿ ಹಾಕಬಾರ್ದಂತ ಬಿಟ್ಟೆ."

ಹಳೇ ಬಲ್ಬುಗಳೂ ದೇವರ ಜಗಲಿಯ ಮೇಲಿದ್ದವು. ಕಪಾಟು ಒರೆಸುವಾಗ ಸಿಕ್ಕಿದ್ದನ್ನು ನೀಲಾಂಬಿಕಾ ಇಕ್ಕಳದ ಪಕ್ಕ ಇಟ್ಟು, ವಿಭೂತಿ ಹಚ್ಚಿ, ಒಂದೊಂದು ಹೂವು ಏರಿಸಿದ್ದಳು. ಎಲ್ಲರೂ ಅವಳ ಮುಖ ನೋಡಿದರು.

"ಇಕ್ಕಳ ಎತ್ತಿದ್ರ ದೋಷ. ಅದು ಹತಾರ. ಬಲ್ಬು ಹತಾರ ಅಲ್ಲ, ದೀಪ. ಪೂಜಿ ದಿನ ದೀಪ ಹಚ್ಚಿದ್ರ ದೇವರು ಬ್ಯಾಡ ಅಂತಾನೇನು?"

ಗೋಪಿಕಾಬಾಯಿ ತಲೆಯಾಡಿಸಿದರು. ಶಾಸ್ತ್ರದ ಒಪ್ಪಿಗೆ ಸಿಕ್ಕಿತು. ಶಂಭುಲಿಂಗ ಕೈಮುಗಿದು ಬಲ್ಬು ತಂದು, ವಿಭೂತಿ ಒರೆಸಿ ಹಾಕಿದ. ಬಾನೆಟ್ಟಿಗೆ ಟವೆಲಿನಿಂದ ದೀಪ ಕಟ್ಟಿ, ವೈರು ಕೊಟ್ಟು ಹಚ್ಚಿದರು. ಹೊತ್ತು ಕಳೆದಂತೆ ಹನಿಗಳು ಸಣ್ಣಗಾಗಿ, ಬರೀ ಮಂಜಾಗಿ, ಆ ಮಂಜೂ ಅಂಚಿನಿಂದ ಕರಗುತ್ತ ಬಂತು. ಓಣಿಯವರು ಹಾಲು ಉಕ್ಕುವುದನ್ನು ಕಾಯುವವರಂತೆ ಮುಖ ಹತ್ತಿರ ತಂದು ನೋಡಿದರು. ಕೊನೆಯ ಹನಿ ಹೋದಾಗ ಯಲ್ಲಪ್ಪ ಚಪ್ಪಾಳೆ ಹೊಡೆದ.

ಇಲ್ಲಿಗೇ ನಿಂತಿದ್ದರೆ! ದೀಪ ಆರಿಸಿ, ತಣ್ಣಗಾಗಲೆಂದು ಕಟ್ಟೆಯ ಮೇಲಿಟ್ಟು ಶಂಭುಲಿಂಗ ಕೈ ತೊಳೆಯಲು ಹೋದ. ಗೋಪಿಕಾಬಾಯಿಯ ಬೆಳ್ಳಿ ಬಟ್ಟಲುಗಳೆಲ್ಲ ಮುಗಿದಿದ್ದವು. ಕೈಯಲ್ಲಿ ಹಲ್ಲುಜ್ಜುವ ಪೇಸ್ಟು ಹಚ್ಚಿದ ಅರಿವೆ ಇನ್ನೂ ಇತ್ತು. ಕಣ್ಣ ಮುಂದೆ ಹಳದಿ ಬಣ್ಣದ ಒಂದು ಸಾಮಾನು.

"ಅಯ್ಯ, ಇದಕ್ಕ ಕಾಮಾಲಿ ಆಗ್ಯದ ಏನು?" ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡು ತಿಕ್ಕತೊಡಗಿದರು. ನಲವತ್ತು ವರ್ಷ ಬೆಳ್ಳಿ ಹಿತ್ತಾಳೆ ಬೆಳಗಿದ ಕೈ. ಶಂಭುಲಿಂಗ ಮುಖ ಒರೆಸಿಕೊಳ್ಳುತ್ತ ಬರುವಷ್ಟರಲ್ಲಿ ದೀಪ ಅಂಗಡಿಯಿಂದ ಈಗ ತಂದಂತೆ ಫಳಫಳ ಹೊಳೆಯುತ್ತಿತ್ತು.

"ಬಾಯಾರ, ಇದೇನು ಮಾಡಿದ್ರಿ!"

"ಯಾಕೋ? ಛಲೋ ಆಗಿಲ್ಲೇನು?"

ಛಲೋ ಆಗಿದ್ದೇ ತೊಂದರೆ. ಕಾರಿಗೆ ಕೂಡಿಸಿ ನೋಡಿದರೆ ಎಡಗಣ್ಣು ಹರೆಯದವರದು, ಬಲಗಣ್ಣು ಮುದುಕರದು. ಮಾವನಿಗೆ ಓಣಿಯ ತುದಿಯಿಂದಲೇ ಗೊತ್ತಾಗುತ್ತದೆ. ಎಡಗಡೆಯದನ್ನು ಮತ್ತೆ ಹಳದಿ ಮಾಡಲು ಅರಿಸಿನ ಹಚ್ಚೋಣವೇ ಎಂದು ಯಲ್ಲಪ್ಪ ಕೇಳಿದ. ಬಲಗಡೆಯದನ್ನೂ ತಿಕ್ಕುವುದೊಂದೇ ದಾರಿ. ಗೋಪಿಕಾಬಾಯಿಗೆ ಕೈ ಸೋತಿತ್ತು, ಆದ್ದರಿಂದ ಶಂಭುಲಿಂಗನೇ ಮೊಣಕಾಲೂರಿ ತಿಕ್ಕಿದ. ಬೆವರು ಇಳಿಯುವ ತನಕ ತಿಕ್ಕಿದ. ಬಲಗಡೆಗೂ ಹಳೇ ಬಲ್ಬು ಹಾಕಿ, ಎರಡೂ ಮುಚ್ಚಳ ಬಿಗಿಯಾಗಿ ಮುಚ್ಚಿದ.

ಬಸ್ಸಿನ ಹೊತ್ತಾಗುತ್ತಿತ್ತು. ಶಂಭುಲಿಂಗ ಎಲ್ಲರನ್ನೂ ಒಟ್ಟುಗೂಡಿಸಿದ.

"ನಿಮ್ಮ ಕಾಲು ಬೀಳ್ತೇನಿ. ಮಾವಾರು ಕೇಳಿದ್ರ ಏನೂ ಆಗಿಲ್ಲ ಅನ್ರಿ. ದೀಪ ಬಿಚ್ಚೇ ಇಲ್ಲ. ನೀರು ಹೊಕ್ಕೇ ಇಲ್ಲ. ನಮ್ಮ ನೀಲಾಗ ಈ ಗಾಡಿ ದಕ್ಕಬೇಕು."

"ಅದನ್ನ ನೀವು ಹೇಳಬೇಕೇನ್ರಿ?" ಎಂದ ಯಲ್ಲಪ್ಪ. ಓಣಿಯ ಜನ ಇಷ್ಟು ಒಗ್ಗಟ್ಟಾಗಿ ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾದಾಗಲೂ ಇರಲಿಲ್ಲ.

ಪರಮೇಶ್ವರಪ್ಪ ಬಂದರು. ಬಿಳಿ ಧೋತರ, ಕೈಯಲ್ಲಿ ಪೂಜೆಗೆ ಬೂದುಗುಂಬಳ. ಮಾತು ಕಡಿಮೆ, ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಅಲ್ಲಾಡದ ಮನುಷ್ಯ. ಮಗಳ ತಲೆ ಸವರಿ, ನೀರು ಕುಡಿದು, ಕಾರಿನ ಸುತ್ತ ಒಂದು ಸುತ್ತು ಬಂದರು. ಮುಂದೆ ಬಂದು ನಿಂತರು. ಬಗ್ಗಿ, ದೀಪಕ್ಕೆ ಮೂಗು ತಗಲುವಷ್ಟು ಹತ್ತಿರ ಮುಖ ಒಯ್ದರು.

"ಅಳ್ಯಾರ, ಎಲ್ಲಿ ಗುದ್ದಿಸಿದ್ರಿ?"

ಶಂಭುಲಿಂಗ ಎರಡೂ ಕೈ ಆಡಿಸಿದ. "ಗುದ್ದಿಸಿಲ್ರಿ ಮಾವಾರ!"

"ಮತ್ತ ದೀಪ ಹೊಸಾವು ಯಾಕ ಬಂದಾವು? ಗಾಡಿ ಗುದ್ದದ ಯಾರೂ ದೀಪ ಹೊಸಾವು ಹಾಕಂಗಿಲ್ಲ."

"ಇವು ಹಳೇವ ರೀ."

"ನನ್ನ ಗಾಡಿ ದೀಪ ನನಗ ಗೊತ್ತಿಲ್ಲೇನು? ನೀಲಾ ಇದ್ಲೇನು ಒಳಗ? ಅಕಿಗೆ ಪೆಟ್ಟಾತೇನು?"

ದಿನವಿಡೀ ಬೆವರು ಸುರಿಸಿದ್ದು ನೀರು ಮುಚ್ಚಿಡಲು. ಈಗ ನೀರಿನ ಮಾತೇ ಇಲ್ಲ, ಅಪಘಾತದ ಆರೋಪ! ಪರಮೇಶ್ವರಪ್ಪ ಓಣಿಯವರ ಕಡೆ ತಿರುಗಿದರು. "ಏನಾಗಿತ್ತು? ಖರೇ ಹೇಳ್ರಿ."

"ಏನೂ ಆಗಿಲ್ರಿ," ಎಂದ ಯಲ್ಲಪ್ಪ. "ನನ್ನ ಪಂಪಂತೂ ಮನಿ ಬಿಟ್ಟು ಹೊರಗ ಬಂದಿಲ್ಲ."

"ನಾ ಸ್ಪ್ಯಾನರ್ ಮುಟ್ಟೇ ಇಲ್ರಿ," ಎಂದ ವಸೀಮ. ಪಾಪ, ಅದು ಮಾತ್ರ ಸತ್ಯ.

"ನಾನಂತೂ ಪೇಸ್ಟ್ ಹಚ್ಚಿ ಏನೂ ತಿಕ್ಕಿಲ್ಲಪಾ," ಎಂದರು ಗೋಪಿಕಾಬಾಯಿ, ಯಾರೂ ಕೇಳದಿದ್ದರೂ.

ಶಂಭುಲಿಂಗ ಕಣ್ಣಿನಲ್ಲೇ ಬೇಡಿಕೊಂಡ. ಇನ್ನು ನಿಜ ಹೇಳಿ ಎಂದು ಬೇಡಿಕೊಂಡ. ಆದರೆ ಕೊಟ್ಟ ಮಾತಿಗೆ ತಪ್ಪುವ ಜನವಲ್ಲ ಅವರು. ಕೇಳಿದಷ್ಟೂ ಗಟ್ಟಿಯಾಗಿ, ಏನೂ ಆಗಿಲ್ಲ ಎಂದರು. ಕೊನೆಗೆ ಅವನೇ ಮಾವನ ಮುಂದೆ ನಿಂತು ಬಲ್ಬಿನಿಂದ ಹಿಡಿದು ಅಕ್ಕಿಯ ತನಕ ಎಲ್ಲ ಹೇಳಿ, "ನಾ ತಪ್ಪು ಮಾಡೇನ್ರಿ. ಶಿಕ್ಷಾ ನನಗ ಕೊಡ್ರಿ, ನೀಲಾಗ ಬ್ಯಾಡ," ಎಂದ.

ಪರಮೇಶ್ವರಪ್ಪ ನೇರ ಪೂಜೆಗೆ ನಿಂತರು. ಕಾರಿಗೆ ವಿಭೂತಿ ಬಳಿದರು, ಕುಂಕುಮ ಇಟ್ಟರು, ಕಾಯಿ ಒಡೆದರು, ಚಕ್ರಗಳಿಗೆ ನಿಂಬೆಹಣ್ಣು ಇಟ್ಟರು, ಬೂದುಗುಂಬಳ ಒಡೆದರು. ಚಾವಿಯನ್ನು ದೇವರ ಮುಂದಿನಿಂದ ಎತ್ತಿಕೊಂಡರು. ನೀಲಾಂಬಿಕಾಳ ಕೈ ಅರ್ಧ ಮುಂದೆ ಬಂದಿತ್ತು. ಅವರು ಚಾವಿಯನ್ನು ತಮ್ಮ ಮುಷ್ಟಿಯಲ್ಲೇ ಹಿಡಿದುಕೊಂಡರು.

"ಒಂದು ಸುತ್ತು ಹೋಗಿ ಬರ್ತೇನಿ. ನೀವು ಹೇಳಿದ್ದು ಖರೇನೋ ಸುಳ್ಳೋ ದಾರಿ ಮ್ಯಾಲೆ ತಿಳಿತೈತಿ."

ಕಾರು ಹೋಯಿತು. ಸೂರ್ಯ ಇಳಿದ, ಮನೆಗಳಲ್ಲಿ ದೀಪ ಹತ್ತಿದವು, ಕಾರು ಬರಲಿಲ್ಲ. ಯಲ್ಲಪ್ಪ, "ಹಂಗ ಮಾಸೂರಿಗೆ ಹೋಗಿಬಿಟ್ರೋ ಏನೋ," ಎಂದ. ಶಂಭುಲಿಂಗ ಕಟ್ಟೆಯ ಮೇಲೆ ಕುಸಿದು ಕೂತ.

"ನೀಲಾ, ನಿನ್ನ ಗಾಡಿ ನಾನ ಕಳದೆ."

"ಬಿಡ್ರಿ," ಎಂದಳು ಅವಳು, ಅವನ ಸುಲಿದ ಬೆರಳಿಗೆ ಅರಿಸಿನ ಹಚ್ಚುತ್ತ. "ನೀವು ಇವತ್ತ ನನ್ನ ಸಲುವಾಗಿ ಪಟ್ಟ ಕಷ್ಟ ನಾ ನೋಡಿಲ್ಲೇನು? ಗಾಡಿ ಇಲ್ಲಂದ್ರ ಇಲ್ಲ."

ಆಗ ಓಣಿಯ ತುದಿಯಲ್ಲಿ ಬೆಳಕು ಬಂತು. ಎಂಥ ಬೆಳಕು! ಗೋಪಿಕಾಬಾಯಿ ಕಣ್ಣಿಗೆ ಕೈ ಅಡ್ಡ ಹಿಡಿದರು. ಕಾರು ನಿಂತಿತು. ಪರಮೇಶ್ವರಪ್ಪ ಇಳಿದು ಬಂದವರೇ ಅಳಿಯನನ್ನು ಬಿಗಿಯಾಗಿ ಅಪ್ಪಿಕೊಂಡರು. ಮದುವೆಯ ದಿನವೂ ಅವರು ಹಾಗೆ ಮಾಡಿರಲಿಲ್ಲ. ಶಂಭುಲಿಂಗನಿಗೆ ಕೈ ಎಲ್ಲಿ ಇಡಬೇಕೆಂದೇ ತಿಳಿಯಲಿಲ್ಲ.

"ಚಿಕ್ಕೇರೂರ ದಾರಿ ಹಿಡದು ಹ್ವಾದೆ ಅಳ್ಯಾರ. ಕತ್ತಲಾತು. ದೀಪ ಹಾಕಿದೆ. ಮೈಲುಗಲ್ಲಿನ ಮ್ಯಾಲಿನ ಅಕ್ಷರ ಕಂಡ್ವು! ಬದುವಿನ ಮ್ಯಾಲೆ ಮಲಗಿದ್ದ ನಾಯಿ ಕಂಡ್ತು!" ಅವರ ಕಣ್ಣು ಒದ್ದೆಯಾಗಿತ್ತು. "ನೀಲಾ, ಯಾರ ಮುಂದೂ ಹೇಳಿದ್ದಿಲ್ಲವ್ವ. ಎರಡು ವರ್ಷ ಆತು, ಹೊತ್ತು ಮುಳುಗಿದ್ರ ನನಗ ದಾರಿ ಕಾಣ್ತಿರ್ಲಿಲ್ಲ. ಕಣ್ಣು ಹ್ವಾದ್ವು ಅಂತ ತಿಳದೆ. ಡಾಕ್ಟರ್ ಹಂತ್ಯಾಕ ಹೋಗಾಕ ಹೆದರಿಕಿ. ಕುರುಡ ಆದೆ, ಇನ್ನ ಗಾಡಿ ಇಟ್ಕೊಂಡು ಏನು ಮಾಡ್ಲಿ ಅಂತ ನಿಮಗ ಕೊಡಾಕ ನಿಂತಿದ್ದೆ."

"ಅಯ್ಯೋ ಅಪ್ಪಾ," ಎಂದು ನೀಲಾಂಬಿಕಾ ಅವರ ಕೈ ಹಿಡಿದುಕೊಂಡಳು.

"ನನ್ನ ಕಣ್ಣು ಗಟ್ಟಿ ಅದಾವವ್ವ! ಮಂಜಾಗಿದ್ದು ಗಾಡಿ ದೀಪ! ಅಳ್ಯಾರ ತಿಕ್ಕಿ ಕೊಟ್ರು, ನನಗ ಜಗತ್ತು ಕಂಡ್ತು." ಅವರು ಮತ್ತೆ ಅಳಿಯನ ಬೆನ್ನು ತಟ್ಟಿದರು. "ಬಲ್ಬು, ನೀರು, ಅಕ್ಕಿ, ಎಲ್ಲಾ ಮಾಫ್."

ಓಣಿಯವರೆಲ್ಲ ಹೋ ಎಂದು ನಕ್ಕರು. ಶಂಭುಲಿಂಗನೂ ನಕ್ಕ. ಎದೆಯ ಮೇಲಿನ ಕಲ್ಲು ಇಳಿದಂತಾಗಿ, ನಗುನಗುತ್ತಲೇ ಮಾವನ ಮುಷ್ಟಿಯ ಕಡೆ ನೋಡಿದ.

"ಹಂಗಾರ ಮಾವಾರ, ಚಾವಿ..."

"ಚಾವಿ ನನ್ನ ಕಡೇನ ಐತಿ, ಚಿಂತಿ ಬ್ಯಾಡ," ಎಂದು ಪರಮೇಶ್ವರಪ್ಪ ಮತ್ತೆ ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು. "ಕಣ್ಣು ಕಾಣೋ ಮನಷಾ ತನ್ನ ಗಾಡಿ ಯಾಕ ಕೊಡ್ತಾನ? ಇನ್ನ ಹತ್ತು ವರ್ಷ ನಾನ ಹೊಡಿತೇನಿ. ಅಳ್ಯಾರ, ಈ ದೀಪ ಮತ್ತ ಹಳದಿ ಆಗ್ತಾವಂತ. ವರ್ಷಾ ಖಂಡೇ ಪೂಜಿಗೆ ತಂದು ನಿಮ್ಮ ಮುಂದ ನಿಲ್ಲಸ್ತೇನಿ, ಹಿಂಗ ತಿಕ್ಕಿ ಕೊಡ್ರಿ. ಬ್ಯಾರೇದವರ ಕೈಯಾಗ ಕೊಡಂಗಿಲ್ಲ ನಾನು."

"ಅಪ್ಪಾ, ನಾ ಶಾಲಿಗೆ ಹೆಂಗ ಹೋಗ್ಲಿ?" ಎಂದಳು ನೀಲಾಂಬಿಕಾ.

ಪರಮೇಶ್ವರಪ್ಪ ಕಿಟಕಿಯಿಂದ ತಲೆ ಹೊರಗೆ ಹಾಕಿ, ಮಗಳನ್ನು ಪ್ರೀತಿಯಿಂದ ನೋಡಿದರು. "ಬಸ್ಸು ಐತಲ್ಲವ್ವ. ಹೆಣ್ಮಕ್ಕಳಿಗೆ ಹೆಂಗೂ ಪುಕ್ಕಟೆ."

ಕಾರು ಹೊರಟಿತು. ಪರಮೇಶ್ವರಪ್ಪನವರು ಓಣಿಯ ತುದಿಯವರೆಗೂ ಎರಡು ಬದಿಯ ಬೋರ್ಡುಗಳನ್ನು ಒಂದೊಂದಾಗಿ, ಮಕ್ಕಳು ಪಾಠ ಒಪ್ಪಿಸುವ ಹಾಗೆ, ಗಟ್ಟಿಯಾಗಿ ಓದುತ್ತ ಹೋದರು.